ಮೊದಲು ಕೆಡವಿದ ಕಟ್ಟಡ

ಅಜೀಜಿಯಾ, ಜಿದ್ದಾ
14 ಜನವರಿ 2023

ಪ್ರೀತಿಯ ನಬೀಹಾ,

ಅಸ್ಸಲಾಮು ಅಲೈಕುಂ. ಶಾಸಕಿಯವರಿಗೆ ಕಾಗದ ಬರೆಯುವಾಗ ಮೇಲೆ ಏನೇನು ಬಿರುದು ಹಾಕಬೇಕು ಎಂದು ನನ್ನ ಮಗಳು ಹನೀನ್ ಮೊಬೈಲಿನಲ್ಲಿ ಹುಡುಕಿ ಕೊಟ್ಟಳು. "ಅವಳ ಮೂಗು ಒರೆಸಿದವಳು ನಾನು, ಹೆಸರು ಹಿಡಿದೇ ಬರೀತೇನೆ" ಎಂದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ನಿನ್ನ ಫೋನ್ ಈಗ ನಿನ್ನದಲ್ಲ, ನಿನ್ನ ಆಪ್ತ ಸಹಾಯಕನದ್ದು. ಉಮ್ಮ ತೀರಿಕೊಂಡು ವರ್ಷವಾದ ದಿನ ನಾನು ಅತ್ತುಕೊಂಡು ಕಳಿಸಿದ ಮೆಸೇಜಿಗೆ "ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು" ಎಂದು ಉತ್ತರ ಬಂದಿತ್ತು. ಅಂದಿನಿಂದ ನಿನ್ನ ಹತ್ತಿರ ಹೇಳುವುದನ್ನೆಲ್ಲ ಊರಿಗೆ ಹೋಗುವವರ ಕೈಯಲ್ಲೇ ಕೊಡಬೇಕು ಎಂದು ತೀರ್ಮಾನಿಸಿದ್ದೇನೆ. ನೀನೂ ಹಾಗೇ ಮಾಡು.

ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಬರುತ್ತಿದ್ದೀ ಎಂದು ಕೇಳಿದ ಮೇಲೆ ನನ್ನ ಕಾಲು ನೆಲದ ಮೇಲಿಲ್ಲ. ನಾನು ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು, ನೀನು ಇದೇ ಮೊದಲು ಬರುವುದು. ಏರ್‌ಪೋರ್ಟಿಗೆ ನಾನೇ ಕಾರು ತರುತ್ತೇನೆ. ಹೆದರಬೇಡ, ಲೈಸೆನ್ಸ್ ಇದೆ. ಜಿದ್ದಾದಲ್ಲಿರುವ ನಮ್ಮೂರಿನವರ ಸಂಘ ನಿನಗೆ ಸನ್ಮಾನ ಇಟ್ಟುಕೊಂಡಿದೆ. ಊರಾಚೆ ಒಂದು ಇಸ್ತಿರಾಹಾ ಹಿಡಿದಿದ್ದಾರೆ, ಅಂದರೆ ಕೂಟಕ್ಕೆ ಬಾಡಿಗೆಗೆ ಸಿಗುವ ತೋಟದ ಮನೆ. ನಿನ್ನ ಭಾವ ಇಸ್ಮಾಯಿಲ್ ಸಂಘದ ಕಾರ್ಯದರ್ಶಿ ಅಲ್ಲವೇ, ಟಯರ್ ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ಅದೇ ಗದ್ದಲದಲ್ಲಿದ್ದಾರೆ. ಸ್ವಾಗತ ಭಾಷಣವನ್ನು ಈಗಲೇ ಬಾಯಿಪಾಠ ಮಾಡುತ್ತಿದ್ದಾರೆ: "ಪುರಸಭೆಯ ಅಧ್ಯಕ್ಷೆಯಾಗಿದ್ದಾಗ ಪೇಟೆಯ ರಸ್ತೆ ಅಗಲ ಮಾಡಲು ನಮ್ಮ ನಾದಿನಿ ಮೊದಲು ಕೆಡವಿಸಿದ್ದು ಯಾರ ಕಟ್ಟಡ? ಸ್ವಂತ ಅಕ್ಕನದ್ದು!" ಅಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟುತ್ತೇನೆ.

ಬರುವಾಗ ಕುಚ್ಚಲಕ್ಕಿ ತರಬೇಡ, ಇಲ್ಲೇ ಸಿಗುತ್ತದೆ. ಒಣ ಸಿಗಡಿ ತಾ. ನಿನ್ನ ಗಂಡ ಕಾಸಿಂಗೆ ಸಲಾಂ ಹೇಳು.

ನಿನ್ನ ಅಕ್ಕ,
ಝೀನತ್

---

ಊರಿನಿಂದ
29 ಜನವರಿ 2023

ಪ್ರೀತಿಯ ಅಕ್ಕ,

ವ ಅಲೈಕುಮುಸ್ಸಲಾಂ. ನಿನ್ನ ಕಾಗದ ಓದಿ ಒಂದು ಕಡೆ ನಗು ಬಂತು, ಇನ್ನೊಂದು ಕಡೆ ನಾಚಿಕೆಯಾಯಿತು. ಆಪ್ತ ಸಹಾಯಕನಿಗೆ ಬೈದಿದ್ದೇನೆ. ಅವನು ಎಲ್ಲರಿಗೂ ಅದೇ ಉತ್ತರ ಕಳಿಸುತ್ತಾನಂತೆ.

ಕಾಸಿಂ ಅವರಿಗೆ ಶಾಲೆಯ ರಜೆ ಸಿಗಲಿಲ್ಲ, ಹೆಂಗಸರ ಗುಂಪಿನ ಜೊತೆ ಬರುತ್ತೇನೆ. ಮೊದಲ ಸಲ ಹೊರಟವಳು ನಾನು. ಬಾಪ ಹಜ್ಜಿಗೆ ಹೊರಟಾಗ ಮನೆಮನೆಗೆ ಹೋಗಿ "ನನ್ನಿಂದ ತಪ್ಪಾಗಿದ್ದರೆ ಮಾಫಿ ಮಾಡಿ" ಎಂದು ಕೇಳಿದ್ದು ನಿನಗೆ ನೆನಪಿರಬೇಕು. ನಾನೂ ಹಾಗೇ ಶುರುಮಾಡಿದೆ. ಆದರೆ ಶಾಸಕಿ ಮಾಫಿ ಕೇಳಲು ಬಂದರೆ ಜನ ಅರ್ಜಿ ಕೊಡುತ್ತಾರೆ. ಪಕ್ಕದ ಮನೆಯ ಖತೀಜಮ್ಮ ನನ್ನ ಕೈ ಹಿಡಿದು, "ನಿನ್ನ ಕಾರಿನಡಿಗೆ ಬಿದ್ದ ನನ್ನ ಕೋಳಿ ಮಾಫಿ. ಆದ್ರೆ ಆ ನೀರಿನ ಪೈಪು ಮಾಫಿ ಇಲ್ಲ, ಅದು ಹಾಕಿಸಿಯೇ ಹೋಗು" ಎಂದರು. ಹಾಕಿಸಿದೆ.

ತಪ್ಪಿದ್ದರೆ ಕ್ಷಮೆ ಕೇಳುವಾಗ ನಮ್ಮವರು, ಬೇರೆಯವರು ಎಂದು ನೋಡಬಾರದಲ್ಲ. ಅದಕ್ಕೆ ಸಾಂತಪ್ಪಣ್ಣನ ಮನೆಗೂ ಹೋದೆ. ಅವರು ಎದುರು ಪಕ್ಷದ ಮುಖಂಡರು ಹೌದು, ಹೋದ ಚುನಾವಣೆಯಲ್ಲಿ ನನ್ನ ವಿರುದ್ಧ ಓಡಾಡಿದವರು ಹೌದು. ಭಜನಾ ಮಂದಿರದ ಅಧ್ಯಕ್ಷರು ಕೂಡ. ರಸ್ತೆ ಅಗಲ ಮಾಡುವಾಗ ಮಂದಿರದ ಕಟ್ಟೆಯನ್ನೂ ಮಸೀದಿಯ ಮುಂದಿನ ಅಂಗಡಿ ಸಾಲನ್ನೂ ಸಮಸಮ ಕೆಡವಿಸಿದ್ದೆ. ಉಳಿದವರೆಲ್ಲ ಕೇಳಿದ ಕೂಡಲೇ "ಅಯ್ಯೋ, ಎಂತದ್ದೂ ಇಲ್ಲ" ಎಂದುಬಿಡುತ್ತಾರೆ. ಸಾಂತಪ್ಪಣ್ಣ ಹಾಗೆ ಹೇಳಲಿಲ್ಲ. "ಇದು ಹಾಗೆ ಸುಮ್ಮನೆ ಕೊಡುವಂಥದ್ದಲ್ಲ ಮೇಡಂ, ಯೋಚನೆ ಮಾಡಿ ಹೇಳ್ತೇನೆ" ಎಂದರು. ಮಾಫಿ ಕೇಳಿದರೆ ಯಾರಾದರೂ ಸಮಯ ತೆಗೆದುಕೊಳ್ಳುವುದು ನಾನು ಇದೇ ಮೊದಲು ನೋಡಿದ್ದು. ಎರಡು ಲೋಟ ಚಹಾ ಕುಡಿದು ಬಂದೆ.

ಉಳಿದದ್ದು ಎದುರು ಸಿಕ್ಕಾಗ ಹೇಳುತ್ತೇನೆ. ರಜೆ ಮುಗಿಸಿ ಜಿದ್ದಾಕ್ಕೆ ಮರಳುವ ಅತೀಕುರ್ರಹ್ಮಾನ್ ಈ ಕಾಗದ ತರುತ್ತಾರೆ, ನಾಡಿದ್ದು ಅವರ ವಿಮಾನ.

ನಿನ್ನ,
ನಬೀಹಾ

---

ಅಜೀಜಿಯಾ, ಜಿದ್ದಾ
6 ಫೆಬ್ರವರಿ 2023

ನಬೀಹಾ,

ಅತೀಕುರ್ರಹ್ಮಾನ್ ಬಂದಿಲ್ಲ. ಅವನ ತಾಯಿಗೆ ಹುಷಾರಿಲ್ಲ, ಟಿಕೆಟ್ ಮುಂದೆ ಹಾಕಿದ್ದಾನಂತೆ. ನೀನು ಅವನ ಕೈಯಲ್ಲಿ ಕಾಗದ ಕೊಟ್ಟಿದ್ದೀಯಂತೆ, ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಕಾಗದಕ್ಕಿಂತ ಮೊದಲು ನಮ್ಮೂರಿನವರ ವಾಟ್ಸಾಪ್ ಗ್ರೂಪಿಗೆ ವಿಡಿಯೋ ಬಂತು.

ನೀನು ಸಾಂತಪ್ಪಣ್ಣನ ಜಗಲಿಯಲ್ಲಿ ಕೈಮುಗಿದು ಕೂತಿದ್ದೀ, "ನನ್ನಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಎನ್ನುತ್ತಿದ್ದೀ. ಅವರು ನೆಲ ನೋಡುತ್ತಿದ್ದಾರೆ. ಅಲ್ಲಿಗೆ ಕಟ್. ಕೆಳಗೆ ಯಾರೋ ಬರೆದಿದ್ದಾರೆ, "ಶಾಸಕಿ ಶರಣಾಗತಿ". ಯಾಕೆ ಕೇಳಿದ್ದು, ಏನಕ್ಕೆ ಕೇಳಿದ್ದು, ತಲೆಬುಡ ಒಂದೂ ಇಲ್ಲ.

ಉಮ್ರಾಕ್ಕೆ ಹೊರಟವಳು ಕೇಳುವ ಮಾಫಿ ಇದು ಎಂದು ನಾನು ಹೇಳಿದೆ. ಯಾರೂ ಒಪ್ಪುವುದಿಲ್ಲ. ಅವರವರಿಗೆ ಅವರವರದ್ದೇ ನೆನಪಾಗುತ್ತದೆ. ಅಲ್ ಖರ್ಜ್‌ನಿಂದ ಉಝೈರ್, "ಮಸೀದಿಯ ಅಂಗಡಿ ತೆಗೆಸಿದ್ದಕ್ಕೆ ನಮ್ಮ ಹತ್ರ ಕೇಳಬೇಕಿತ್ತು, ಅವರ ಹತ್ರ ಎಂತಕ್ಕೆ?" ಎಂದು ವಾಯ್ಸ್ ಹಾಕಿದ. ಖತೀಫಿನಿಂದ ಮುಸ್ತಫಾ, "ಮೇಡಂ ಪಕ್ಷ ಬದಲಿಸ್ತಾರೆ, ಬರೆದಿಟ್ಟುಕೊಳ್ಳಿ" ಎಂದ. ಇನ್ನೊಬ್ಬರು ಮೀನು ಮಾರ್ಕೆಟಿನ ವಿಷಯ ಎತ್ತಿದರು. ಇಷ್ಟು ವರ್ಷಗಳಲ್ಲಿ ನೀನು ಇಷ್ಟು ಜನರಿಗೆ ನೋವು ಮಾಡಿದ್ದೀ ಎಂದು ನನಗೆ ಗೊತ್ತಿರಲಿಲ್ಲ. ಮಧ್ಯದಲ್ಲಿ ನಿಲ್ಲುವವಳಿಗೆ ಎರಡೂ ಕಡೆಯಿಂದ ಏಟು ಎಂದು ನಿನ್ನ ಭಾವ ಹೇಳಿದರು. ಸನ್ಮಾನ "ಸದ್ಯಕ್ಕೆ" ಮುಂದೆ ಹೋಗಿದೆ. ಇಸ್ತಿರಾಹಾದ ಮುಂಗಡ ಹೋಯಿತು.

ವಿಡಿಯೋ ನಾನು ತಿರುತಿರುಗಿ ನೋಡಿದೆ. ನನಗೂ ಒಂದು ನೆನಪಾಯಿತು. ಅದನ್ನು ಬರೆಯುವುದಿಲ್ಲ. ಊರಿಡೀ ತಿರುಗಿ ಮಾಫಿ ಕೇಳಿದ್ದೀಯಂತೆ, ಸಾಂತಪ್ಪಣ್ಣನ ಹತ್ತಿರವೂ ಕೇಳಿದ್ದೀ, ಬಹಳ ಒಳ್ಳೆಯದು. ಕೇಳಬೇಕಾದವರೆಲ್ಲ ಮುಗಿದರು ಎಂದುಕೊಳ್ಳುತ್ತೇನೆ.

ಏರ್‌ಪೋರ್ಟಿಗೆ ಬರುತ್ತೇನೆ. ಒಣ ಸಿಗಡಿ ತರದಿದ್ದರೂ ಪರವಾಗಿಲ್ಲ.

ಝೀನತ್

---

ಊರಿನಿಂದ
12 ಫೆಬ್ರವರಿ 2023

ಪ್ರೀತಿಯ ಅಕ್ಕ,

ನಿನ್ನ ಕೋಪ ನನಗೆ ಚೆನ್ನಾಗಿ ಅರ್ಥವಾಯಿತು. ಭಾವನಿಗೆ ಸಂಘದಲ್ಲಿ ನನ್ನಿಂದ ಮುಜುಗರವಾಗಿದೆ. ಸನ್ಮಾನ ನನಗೆ ಬೇಡವೇ ಬೇಡ. ಬೇಕಿದ್ದರೆ ಸಂಘಕ್ಕೆ ನನ್ನ ಕಚೇರಿಯಿಂದ ಒಂದು ವಿವರಣೆಯ ಪತ್ರ ಕಳಿಸುತ್ತೇನೆ, ಅದನ್ನು ಭಾವ ಎಲ್ಲರಿಗೂ ತೋರಿಸಲಿ.

ಇಲ್ಲಿ ನನ್ನ ಸ್ಥಿತಿಯೂ ಅಷ್ಟೇ. ವಿಡಿಯೋ ಮಾಡಿದವನು ಸಾಂತಪ್ಪಣ್ಣನ ಮನೆಗೆ ಬಂದ ಯಾರೋ ನೆಂಟನಂತೆ. ನಮ್ಮ ಪಕ್ಷದವರು ಬೆಂಗಳೂರಿಗೆ ಕರೆಸಿದರು. ಚುನಾವಣೆ ಬಾಗಿಲಲ್ಲಿದೆ, ಟಿಕೆಟ್ ಬೇಕಿದ್ದರೆ ಒಂದು ಹೇಳಿಕೆ ಕೊಡಬೇಕಂತೆ: "ನಾನು ಯಾರಲ್ಲೂ ಕ್ಷಮೆ ಕೇಳಿಲ್ಲ, ವಿಡಿಯೋ ತಿರುಚಲಾಗಿದೆ." ಒಂದು ಕಡೆ, ಅವರು ಅಂದುಕೊಂಡ ಕ್ಷಮೆಯನ್ನು ನಾನು ಕೇಳಿಲ್ಲ ಎನ್ನುವುದು ನಿಜ. ಇನ್ನೊಂದು ಕಡೆ, ಕೇಳಿದ್ದೂ ನಿಜ. ಕೇಳಿಲ್ಲ ಎಂದು ಪತ್ರಿಕೆಯಲ್ಲಿ ಹಾಕಿಸಿ ಆಮೇಲೆ ಕಾಬಾದ ಮುಂದೆ ಹೇಗೆ ನಿಲ್ಲಲಿ? ಎರಡೂ ಬರುವ ಹಾಗೆ ಒಂದು ಹೇಳಿಕೆ ಬರೆಯಲು ಕೂತೆ. ನಾಲ್ಕು ಸಲ ಬರೆದೆ. ಕೊನೆಗೆ ಓದಿದರೆ ನನಗೇ ಅರ್ಥವಾಗಲಿಲ್ಲ.

ಉಮ್ರಾ ಮುಗಿಸಿ ಬಂದು ಹೇಳುತ್ತೇನೆ ಎಂದು ಸಮಯ ಕೇಳಿದ್ದೇನೆ. ಸಾಂತಪ್ಪಣ್ಣ ಬಾಯಿ ಬಿಟ್ಟು, "ಅವರು ಯಾತ್ರೆಗೆ ಹೊರಟವರು, ಇದರಲ್ಲಿ ರಾಜಕೀಯ ಇಲ್ಲ" ಎಂದು ಒಂದೇ ಮಾತು ಹೇಳಿದರೆ ಎಲ್ಲ ತಣ್ಣಗಾಗುತ್ತದೆ. ಅವರು ಹೇಳುತ್ತಿಲ್ಲ.

ಭಾವನ ಬಳಿ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳು. ಒಣ ಸಿಗಡಿ ಕಟ್ಟಿಟ್ಟಿದ್ದೇನೆ.

ನಿನ್ನ,
ನಬೀಹಾ

---

ಮಕ್ಕಾ
25 ಫೆಬ್ರವರಿ 2023

ಪ್ರೀತಿಯ ಅಕ್ಕ,

ನಿನ್ನ ಮನೆಯಿಂದ ಇಲ್ಲಿಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಅಷ್ಟು ಹತ್ತಿರದಿಂದ ಕಾಗದ ಬರೆಯುತ್ತಿದ್ದೇನೆ. ಗುಂಪಿನವರೆಲ್ಲ ಖರ್ಜೂರ ಕೊಳ್ಳಲು ಹೋಗಿದ್ದಾರೆ. ನಾಳೆ ಮದೀನಾಕ್ಕೆ ಹೊರಟು ಅಲ್ಲಿಂದಲೇ ಊರಿಗೆ. ಇದನ್ನು ಬಸ್ಸಿನ ಡ್ರೈವರ್ ಭಾವನ ಅಂಗಡಿಯಲ್ಲಿ ಕೊಡುತ್ತಾನೆ.

ಉಮ್ರಾ ಆಯಿತು. ಕಾಬಾ ಕಂಡಾಗ ನನಗೆ ಅಳು ಬಂತು. ಏನು ಕೇಳಬೇಕೆಂದಿದ್ದೆನೋ ಎಲ್ಲ ಮರೆತುಹೋಯಿತು. ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವಾಗ ನಿನ್ನ ಮಾತು ನೆನಪಾಯಿತು. ಆ ಕಡೆ ಈ ಕಡೆ ಓಡಾಡುವುದು ನನಗೆ ಅಭ್ಯಾಸವೇ ಎಂದು ನೀನು ನಗಾಡುತ್ತಿದ್ದೆ.

ಅಕ್ಕ, ಅತೀಕುರ್ರಹ್ಮಾನ್ ಕೊನೆಗೂ ತಂದುಕೊಟ್ಟ ಕಾಗದದಲ್ಲಿ ನಾನು ಬರೆದದ್ದು ಅರ್ಧ. ಸಾಂತಪ್ಪಣ್ಣ ಬರೀ ಯೋಚಿಸಿ ಹೇಳುತ್ತೇನೆ ಎನ್ನಲಿಲ್ಲ. ಎರಡನೆಯ ಚಹಾ ತರಿಸಿ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಮ್ಮ ಕಟ್ಟೆ ಹೋದದ್ದಕ್ಕೆ ಬೇಜಾರಿಲ್ಲ ಮೇಡಂ. ನೀವು ಮೊದಲು ಅಕ್ಕನ ಕಟ್ಟಡ ಕೆಡವಿಸಿದ್ರಲ್ಲ, ಅಲ್ಲಿಗೆ ಇಡೀ ಪೇಟೆಯ ಬಾಯಿ ಮುಚ್ಚಿತು. ಮತ್ತೆ ಯಾರು ಮಾತಾಡುದು? ಒಂದು ಕೇಳ್ತೇನೆ. ಅಕ್ಕನ ಹತ್ರ ಕೇಳಿ ಕೆಡವಿದ್ದಾ?" ಇಲ್ಲ ಎಂದೆ. "ಹಾಗಾದ್ರೆ ಮೊದಲು ಅವರ ಹತ್ರ ಕೇಳಿ. ಅವರು ಕೊಟ್ರೆ ನಾನೂ ಕೊಡ್ತೇನೆ."

ಇದನ್ನು ನಿನಗೆ ಹೇಳಲೆಂದೇ ಬಂದೆ. ಏರ್‌ಪೋರ್ಟಿನಲ್ಲಿ ಹೇಳಬೇಕೆಂದಿದ್ದೆ, ನೀನು ಸ್ಟೀರಿಂಗ್ ಹಿಡಿದು ದಾರಿಯಲ್ಲಿ ಎಲ್ಲರಿಗೂ ಬೈಯುತ್ತಿದ್ದೆ. ಮನೆಯಲ್ಲಿ ಹೇಳಬೇಕೆಂದಿದ್ದೆ, ಸಂಘದವರು ಬಂದು ಹೊರಕೋಣೆಯ ಮಜ್ಲಿಸಿನಲ್ಲಿ ಕೂತು, ನಾನು ಕ್ಷಮೆ ಕೇಳಿಲ್ಲ ಎಂಬ ಆ ಹೇಳಿಕೆ ಕೊಡಿಸಿ ಎಂದು ಭಾವನನ್ನು ಹಿಂಡುತ್ತಿದ್ದರು. ಕೊನೆಗೆ ಅಡುಗೆಮನೆಯಲ್ಲಿ ನೀನು ಅಕ್ಕಿ ಹಿಟ್ಟಿನ ಪುಂಡಿ ಕಟ್ಟುವಾಗ ಹತ್ತಿರ ನಿಂತು, "ಅಕ್ಕ, ಒಂದು ವಿಷಯ" ಎಂದೆ. ನೀನು ತಿರುಗಿ ನೋಡದೆ, "ಪರವಾಗಿಲ್ಲ, ಪರವಾಗಿಲ್ಲ" ಎಂದೆ. ಏನು ಪರವಾಗಿಲ್ಲ? ನಾನು ಹೇಳಿಯೇ ಇರಲಿಲ್ಲ.

ನಾನು ಈಗಲೂ ಕೇಳುತ್ತಿಲ್ಲ. ಕೇಳಿದರೆ ನೀನು ಮತ್ತೆ ಪರವಾಗಿಲ್ಲ ಎನ್ನುತ್ತೀ. ನಾನು ಹೋಗಿ ಸಾಂತಪ್ಪಣ್ಣನಿಗೆ ಹೇಳುತ್ತೇನೆ, ಅವರು ಪತ್ರಿಕೆಯವರಿಗೆ ಹೇಳುತ್ತಾರೆ, ನನಗೆ ಟಿಕೆಟ್ ಸಿಗುತ್ತದೆ. ನಿನ್ನ ಮಾಫಿಯೂ ನನ್ನ ಚುನಾವಣೆಯ ಲೆಕ್ಕಕ್ಕೇ ಸೇರುತ್ತದೆ. ಕೇಳದೆ ಹೋದರೂ ತಪ್ಪು, ಕೇಳಿದರೂ ತಪ್ಪು. ನನಗೆ ಏನೂ ತಿಳಿಯುತ್ತಿಲ್ಲ ಅಕ್ಕ.

ನಬೀಹಾ

---

ಅಜೀಜಿಯಾ, ಜಿದ್ದಾ
28 ಮಾರ್ಚ್ 2023

ನಬೀಹಾ,

ಮಕ್ಕಾದಿಂದ ಬಂದ ಕಾಗದವನ್ನು ಒಂದು ತಿಂಗಳು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟಿದ್ದೆ. ಓದುವುದು, ಸಿಟ್ಟು ಬರುವುದು, ಮತ್ತೆ ಅಲ್ಲೇ ಇಡುವುದು.

ಮೊದಲು ವಿಷಯ ಹೇಳುತ್ತೇನೆ. ಇವತ್ತು ಮಧ್ಯಾಹ್ನ ನಾನು ಸಾಂತಪ್ಪಣ್ಣನಿಗೆ ಫೋನ್ ಮಾಡಿದೆ. ಪಕ್ಷದ ಅಭ್ಯರ್ಥಿಗಳ ಪಟ್ಟಿ ಇನ್ನೇನು ಬರುತ್ತದೆ, ನಿನ್ನ ಹೆಸರು ತೂಗುಯ್ಯಾಲೆಯಲ್ಲಿದೆ ಎಂದು ನಿನ್ನ ಭಾವ ಹೇಳಿದರು. "ನಾನು ನಬೀಹಾಳ ಅಕ್ಕ, ಜಿದ್ದಾದಿಂದ. ನಾನು ಮಾಫಿ ಮಾಡಿದ್ದೇನೆ" ಎಂದೆ. ಅವರು, "ಬಾಯಿಂದ ಹೇಳುದಾ ಅಕ್ಕ, ಮನಸ್ಸಿಂದಲಾ?" ಎಂದು ಕೇಳಿದರು. "ಮನಸ್ಸಿಂದಲೇ" ಎಂದೆ. "ಹಾಗಾದ್ರೆ ಆಯ್ತು, ನಾನೂ ಪೇಪರಿನವರಿಗೆ ಹೇಳ್ತೇನೆ" ಎಂದರು.

ಸುಳ್ಳು. ರಂಝಾನ್ ಉಪವಾಸದಲ್ಲಿ ಕೂತು ಸುಳ್ಳು ಹೇಳಿದೆ. ನಾನು ಮಾಫಿ ಮಾಡಿಲ್ಲ. ನೀನು ಗೆಲ್ಲಲಿ ಎಂದು ಹೇಳಿದೆ, ಯಾಕೆಂದರೆ ನೀನು ಸೋತರೆ ನನ್ನ ಕಟ್ಟಡ ಹೋದದ್ದೂ ದಂಡ.

ನನಗೆ ಸನ್ಮಾನದ ಚಿಂತೆ, ನಿನ್ನ ಭಾವನ ಮುಜುಗರ ಎಂದೆಲ್ಲ ಬರೆದೆಯಲ್ಲ, ಅದನ್ನು ಓದಿ ನಾನು ಗೋಡೆ ನೋಡುತ್ತಾ ಕೂತೆ. ಐದು ವರ್ಷ ವಿಧಾನಸೌಧದಲ್ಲಿ ಕೂತವಳಿಗೆ ಅಕ್ಕನ ಒಂದು ಸಾಲು ಓದಲು ಬರಲಿಲ್ಲ. ಅಡುಗೆಮನೆಯಲ್ಲಿ ನೀನು ವಿಷಯ ಎತ್ತಿದಾಗಲೂ ಇಸ್ತಿರಾಹಾದ ಮುಂಗಡದ ವಿಷಯ ಎಂದುಕೊಂಡೆ, ಅದಕ್ಕೆ ಪರವಾಗಿಲ್ಲ ಎಂದೆ.

ಆ ಕಟ್ಟಡ ಏನಾಗಿತ್ತು ಗೊತ್ತಾ ನಿನಗೆ? ಕೆಳಗೆ ಟಯರ್ ಅಂಗಡಿ, ಮೇಲೆ ನಮ್ಮ ಮನೆ. ಅದು ಕಟ್ಟಿ ಮುಗಿದ ವರ್ಷ ನಿನ್ನ ಭಾವ ಇಲ್ಲಿನ ಲೆಕ್ಕ ಚುಕ್ತಾ ಮಾಡಿ ಊರಿಗೆ ಹೊರಡುವುದು ಎಂದು ತೀರ್ಮಾನವಾಗಿತ್ತು. ಮೇಲಿನ ಮನೆಯ ಅಡುಗೆಕೋಣೆಗೆ ಹಸಿರು ಟೈಲ್ಸ್ ನಾನೇ ಆರಿಸಿದ್ದು. ನೀನು ಮುಂದಿನ ಭಾಗ ಕೆಡವಿಸಿದ ದಿನ ಅಂಗಡಿಯೂ ಹೋಯಿತು, ಮೆಟ್ಟಿಲೂ ಹೋಯಿತು. ಹಿಂದೆ ಉಳಿದ ಡಬ್ಬಿಯಂಥ ಕೋಣೆಗಳನ್ನು ಯಾರು ಬಾಡಿಗೆಗೆ ಕೇಳುತ್ತಾರೆ? ಇನ್ನೂ ಇಲ್ಲೇ ಇರಲು ಇಕಾಮಾ ಮತ್ತೆ ರಿನ್ಯೂ ಮಾಡಿಸಿದೆವು. ಆಮೇಲೆ ಇನ್ನೊಮ್ಮೆ. ಉಮ್ಮ ಹೋದಾಗ ನಾನು ಇಲ್ಲಿದ್ದೆ. ಚಿಕ್ಕ ಮಗಳು ದುಆ ಇಲ್ಲಿಯೇ ದೊಡ್ಡವಳಾದಳು, ಅವಳಿಗೆ ಕನ್ನಡ ಓದಲು ಬರುವುದಿಲ್ಲ.

ಎಲ್ಲರದ್ದೂ ಹೋಗಬೇಕಿತ್ತು, ನಮ್ಮದೂ ಹೋಗಬೇಕಿತ್ತು, ಅದು ನನಗೆ ಗೊತ್ತು. ನಾನು ಮೂರ್ಖಳಲ್ಲ. ಆದರೆ ಒಂದು ಫೋನ್ ಮಾಡಬಹುದಿತ್ತು. ಟಿವಿಯಲ್ಲಿ ಜೆಸಿಬಿ ನೋಡಿದಾಗ ನನಗೆ ಗೊತ್ತಾದದ್ದು. ಹಸಿರು ಟೈಲ್ಸ್ ರಸ್ತೆಯ ಮೇಲೆ ಬಿದ್ದಿತ್ತು. ಆಮೇಲೆ ಪ್ರತಿ ಭಾಷಣದಲ್ಲಿ ನೀನು ಅದನ್ನೇ ಹೇಳಿದೆ, ಜನ ಅದಕ್ಕೇ ಓಟು ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ.

ನಿನ್ನ ಟಿಕೆಟ್ ಉಳಿಯಲಿ. ಥ್ಯಾಂಕ್ಸ್ ಹೇಳಬೇಡ.

ಝೀನತ್

---

ಊರಿನಿಂದ
28 ಮಾರ್ಚ್ 2023

ಅಕ್ಕ,

ಟಿಕೆಟ್ ಹೋಯಿತು. ಪಟ್ಟಿ ಬರುವ ಮೊದಲೇ ಬೆಂಗಳೂರಿನಿಂದ ಫೋನ್ ಬಂತು. ಹೇಳಿಕೆ ಎಲ್ಲಿ ಎಂದು ಕೊನೆಯ ಸಲ ಕೇಳಿದರು. "ನಾನು ಕ್ಷಮೆ ಕೇಳಿದ್ದೇನೆ, ಕೇಳಿಲ್ಲ ಎಂದು ಹೇಳಲಾರೆ" ಎಂದೆ. ಒಂದು ಕಡೆ, ಇನ್ನೊಂದು ಕಡೆ ಎಂದು ಹೇಳಲಿಲ್ಲ. ಅವರು ಫೋನ್ ಇಟ್ಟರು. ಆಪ್ತ ಸಹಾಯಕ ನನ್ನ ಮೊಬೈಲನ್ನು ತಂದು ಮೇಜಿನ ಮೇಲಿಟ್ಟು, "ಇದು ಇನ್ನು ನಿಮ್ಮ ಹತ್ರವೇ ಇರ್ಲಿ ಮೇಡಂ" ಎಂದು ಹೊರಟುಹೋದ. ಆದರೂ ಕಾಗದವೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ಪರವಾಗಿಲ್ಲ ಎಂದುಬಿಡುತ್ತೀ.

ಇನ್ನು ನಿನ್ನ ಮಾಫಿಯಿಂದ ನನಗೆ ಯಾವ ಉಪಯೋಗವೂ ಇಲ್ಲ. ಅದಕ್ಕೇ ಈಗ ಕೇಳುತ್ತಿದ್ದೇನೆ.

ತಪ್ಪಾಗಿದ್ದರೆ ಎಂದು ಕೇಳುವುದಿಲ್ಲ. ಮಾರ್ಕಿಂಗ್ ಮಾಡುವ ಇಂಜಿನಿಯರ್ ಯಾವ ಕಡೆಯಿಂದ ಶುರುಮಾಡುವುದು ಎಂದು ಕೇಳಿದಾಗ ನಾನು ನಿನ್ನ ಕಟ್ಟಡ ತೋರಿಸಿದೆ. ಪೇಟೆಯಲ್ಲಿ ಎಲ್ಲರೂ ನೋಡುತ್ತಿದ್ದರು. ನಿನಗೆ ಫೋನ್ ಮಾಡಿದರೆ ನೀನು ಅಳುತ್ತೀ, ನೀನು ಅತ್ತರೆ ಬೇರೆ ಕಟ್ಟಡ ತೋರಿಸಿಬಿಡುತ್ತೇನೆ ಎಂದು ಮಾಡಲಿಲ್ಲ. ನ್ಯಾಯಕ್ಕೆ ಮಾಡಿದೆ ಎಂದು ಎಲ್ಲ ಕಡೆ ಹೇಳಿದೆ. ನ್ಯಾಯಕ್ಕೂ ಹೌದು, ನನ್ನ ಹೆಸರಿಗೂ ಹೌದು ಎಂದು ಬರೆಯಲು ಹೊರಟಿದ್ದೆ, ಹೊಡೆದುಹಾಕಿದೆ. ರಸ್ತೆ ಅಗಲ ಮಾಡಿದ್ದು ನ್ಯಾಯಕ್ಕೆ. ಮೊದಲು ನಿನ್ನದನ್ನು ಕೆಡವಿದ್ದು ನನ್ನ ಹೆಸರಿಗೆ.

ನೆಲದ ಮೇಲೆ ಬಿದ್ದ ಟೈಲ್ಸ್‌ನಲ್ಲಿ ಒಂದನ್ನು ಎತ್ತಿಟ್ಟಿದ್ದೆ. ಹಸಿರು ಬಣ್ಣದ್ದು. ಯಾಕೆ ಎತ್ತಿದೆ ಎಂದು ಆಗ ಗೊತ್ತಿರಲಿಲ್ಲ. ನಮ್ಮ ಬಚ್ಚಲಲ್ಲಿ ಅದರ ಮೇಲೆ ಸಾಬೂನು ಇಡುತ್ತೇವೆ.

ಮಾಫಿ ಮಾಡು ಅಕ್ಕ. ಮಾಡಲಾಗದಿದ್ದರೆ ಮಾಡಬೇಡ. ಸಾಂತಪ್ಪಣ್ಣನ ಹಾಗೆ ಸಮಯ ತೆಗೆದುಕೋ.

ನಬೀಹಾ

---

ಅಜೀಜಿಯಾ, ಜಿದ್ದಾ
9 ಏಪ್ರಿಲ್ 2023

ಪ್ರೀತಿಯ ನಬೀಹಾ,

ನನ್ನ ಕಾಗದ ಆ ಕಡೆ ಹೋಗುವಾಗ ನಿನ್ನದು ಈ ಕಡೆ ಬರುತ್ತಿತ್ತು ಎಂದು ಕಾಣುತ್ತದೆ. ಇಬ್ಬರೂ ಒಂದೇ ದಿನ ಬರೆದಿದ್ದೇವೆ.

ಸಾಂತಪ್ಪಣ್ಣ ಪೇಪರಿನಲ್ಲಿ ಹೇಳಿದ್ದನ್ನು ಯಾರೋ ಕಳಿಸಿದರು. "ಯಾತ್ರೆಗೆ ಹೊರಟವರು ಕೇಳಿದ್ದು, ನಾನು ಕೊಟ್ಟಿದ್ದೇನೆ, ಇದರಲ್ಲಿ ರಾಜಕೀಯ ಇಲ್ಲ." ನಿನಗೆ ಟಿಕೆಟ್ ಇಲ್ಲ ಎಂದು ಗೊತ್ತಾದ ಮೇಲೂ ಕೊಟ್ಟ ಮಾತಿಗೆ ತಪ್ಪದೆ ಹೇಳಿದ್ದಾರೆ. ಇನ್ನು ಅದರಿಂದ ಯಾರಿಗೇನು ಲಾಭ, ಮಾರಾಯ್ತಿ. ಸಂಘದವರು ಈಗ ಮತ್ತೆ ಸನ್ಮಾನ ಮಾಡೋಣವಾ ಎಂದು ನಿನ್ನ ಭಾವನನ್ನು ಕೇಳುತ್ತಿದ್ದಾರೆ. ಅವರು ನನ್ನ ಮುಖ ನೋಡಿದರು. ನಾನು ಬೇಡ ಎಂದೆ.

ನಿನ್ನ ಕಾಗದವನ್ನು ಹನೀನ್‌ಗೆ ಓದಿ ಹೇಳಿದೆ. ಸಾಬೂನಿನ ಸಾಲಿಗೆ ಬಂದಾಗ ಕಾಗದವನ್ನು ಅವಳ ಕೈಗೆ ಕೊಟ್ಟೆ. ಉಳಿದದ್ದನ್ನು ಅವಳೇ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

ಆ ಟೈಲ್ಸ್ ತೊಳೆದಿಡು. ಹಬ್ಬ ಕಳೆದು ಶಾಲೆಗೆ ರಜೆ ಸಿಕ್ಕ ಕೂಡಲೇ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ, ಆ ಡಬ್ಬಿ ಕೋಣೆಗಳಲ್ಲೇ ಇರುತ್ತೇವೆ. ಗೇಟಿನ ಮುಂದೆ ಸರ್ಕಾರಿ ಕಾರು ಇಲ್ಲದೆ, ನಡೆದುಕೊಂಡು ಬಂದು ನನ್ನ ಹತ್ತಿರ ಕೂತುಕೋ.

ಉಪವಾಸದಲ್ಲಿ ಸುಳ್ಳು ಹೇಳಿದೆನಲ್ಲ ಎಂದು ಇಷ್ಟು ದಿನ ಕೊರಗುತ್ತಿದ್ದೆ. ಸಾಂತಪ್ಪಣ್ಣನಿಗೆ ಮತ್ತೆ ಫೋನ್ ಮಾಡುವ ಅಗತ್ಯವಿಲ್ಲ. ಅವತ್ತು ಅವರಿಗೆ ಹೇಳಿದ್ದು ಈಗ ಸುಳ್ಳಲ್ಲ.

ನಿನ್ನ ಅಕ್ಕ,
ಝೀನತ್